ನಿನ್ನ ಹೆಸರಿನ ಕಾರು

ಮನೆ, ಊಟದ ಮೇಜು
ತಾರೀಖು ಒಂಬತ್ತು, ಬುಧವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಇವಳೇ,

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಬೇಕಾದ್ದನ್ನು ಅಳಿಯನ ಕೈಲಿ ತರಿಸು, ಅವನ ಮಂಡಿಗೆ ಇನ್ನೂ ವಯಸ್ಸಾಗಿಲ್ಲ. ಬಾಣಂತಿಗೆ ನಿದ್ದೆ ಸರಿಯಾಗಿ ಬರುತ್ತಿದೆಯಾ? ಕೂಸು ಮುಖ ನೋಡಿ ನಗುತ್ತದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತಿನಿಂದ ನಾನು ಕನ್ನಡಿ ಮುಂದೆ ನಿಂತು ತಾತನ ಮುಖ ಅಭ್ಯಾಸ ಮಾಡುತ್ತಿದ್ದೇನೆ. ಯಾರ ಹಾಗಿದೆ ಅಂತ ಕೇಳಿದ್ದಕ್ಕೆ "ಕೂದಲು ಮಾತ್ರ ನಿಮ್ಮ ಹಾಗೇ, ಇಲ್ಲವೇ ಇಲ್ಲ" ಅಂದೆ. ಇರಲಿ, ಅದಕ್ಕಾದರೂ ಬೆಳೆಯುತ್ತದೆ. ನಾನು ಆರೋಗ್ಯವಾಗಿದ್ದೇನೆ. ಈ ವಾಕ್ಯವನ್ನು ಎರಡು ಸಲ ಓದಿಕೋ, ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ನಿನಗೆ ಅನುಮಾನ ಬರಬಹುದು.

ಫೋನು ಬಿಟ್ಟು ಇವರು ಕಾಗದ ಯಾಕೆ ಬರೆಯುತ್ತಿದ್ದಾರೆ ಅಂತ ನೀನು ಆಗಲೇ ಕನ್ನಡಕವನ್ನು ಹಣೆಗೆ ಏರಿಸಿರುತ್ತೀಯ. ಇಳಿಸು, ಓದುವುದು ಬಹಳ ಇದೆ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ಮೂರು ಮಾತು ಮುಗಿಸಿರುತ್ತೀಯ. ಕಾಗದದಲ್ಲಿ ನಾನು ಹೇಳಿ ಮುಗಿಸುವ ತನಕ ನೀನು ಬಾಯಿ ಹಾಕುವ ಹಾಗಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನನಗೆ ಇಂಥ ಅನುಕೂಲ ಸಿಕ್ಕಿರಲಿಲ್ಲ. ಈಗ ಕೇಳು. ನಾನು ಇವತ್ತು ಕೋರ್ಟಿಗೆ ಹೋಗಿ ಬಂದೆ! ಕಟಕಟೆಯಲ್ಲಿ ನಿಂತೆ! ನ್ಯಾಯಾಧೀಶರ ಎದುರು ಮಾತಾಡಿದೆ, ನಮ್ಮ ವಕೀಲೆ ಹಿಂದಿನಿಂದ ಅಂಗಿ ಜಗ್ಗಿದರೂ ನಿಲ್ಲಿಸದೆ ಮಾತಾಡಿದೆ! ಆ ಅಂಗಿಯನ್ನು ಇನ್ನೂ ಬಿಚ್ಚಿಲ್ಲ, ಊಟ ಮಾಡಿಲ್ಲ, ಚಪ್ಪಲಿ ಕಾಲಲ್ಲೇ ಇದೆ. ಮೊದಲು ನಿನಗೆ ಹೇಳಿಬಿಡಬೇಕು ಅಂತ ಸೀದಾ ಬಂದು ಮೇಜಿಗೆ ಕೂತಿದ್ದೇನೆ.

ಎದೆ ಗಟ್ಟಿ ಮಾಡಿಕೋ. ಆರು ವಾರದ ಹಿಂದೆ ಕಾರು ಹಿಂದಕ್ಕೆ ತೆಗೆಯುವಾಗ ನಾನು ಒಬ್ಬರಿಗೆ ಗುದ್ದಿದೆ. ಅವರು ಬದುಕಿದ್ದಾರೆ, ಓಡಾಡುತ್ತಿದ್ದಾರೆ, ಇವತ್ತು ನನ್ನ ಜೊತೆಗೇ ಬಸ್ಸಿನಲ್ಲಿ ಬಂದರು. ಆದರೆ ಬಲಗೈಯ ಮಣಿಕಟ್ಟು ಮುರಿದಿದೆ. ಮತ್ತೆ ಆ ದಿನ ಕಾರಿಗೆ ವಿಮೆ ಇರಲಿಲ್ಲ. ನಿಲ್ಲು, ಎದ್ದು ಫೋನ್ ಮಾಡಬೇಡ, ಪೂರ್ತಿ ಓದು. ಹತ್ತೊಂಬತ್ತನೆಯ ತಾರೀಖಿನೊಳಗೆ ನಾವು ಅವರಿಗೆ ಏನು ಪರಿಹಾರ ಕೊಡುತ್ತೇವೆ ಅನ್ನುವುದು ರಾಜಿ ಪತ್ರದಲ್ಲಿ ಬರೆದು ಕೋರ್ಟಿಗೆ ಸಲ್ಲಬೇಕು. ಸಂದರೆ ನಾನು ಮನೆಯಲ್ಲಿ. ಸಲ್ಲದಿದ್ದರೆ ಮೂರು ತಿಂಗಳು ಒಳಗೆ. ನಾನು "ನಾವು" ಅಂತ ಬರೆದೆ, ಗಮನಿಸಿದೆಯಾ? ಕಾರು ಇರುವುದು ನಿನ್ನ ಹೆಸರಿನಲ್ಲಿ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಹೊಲಿಗೆ ವಿಭಾಗದಲ್ಲಿ ದಿಂಬು, ಹೊದಿಕೆ, ಆಪರೇಷನ್ ಗೌನು ಹೊಲಿದು, ನಿವೃತ್ತಿಯ ದಿನ ಬಂದದ್ದನ್ನೆಲ್ಲ ಸುರಿದು ನೀನು ತಂದ ಕಾರು. ಕಾರು ಚೆನ್ನಾಗಿದೆ. ಹಿಂದಿನ ಬಂಪರಿನಲ್ಲಿ ಒಂದು ಸಣ್ಣ ತಗ್ಗು, ಅಷ್ಟೇ. ಕಾರಿನ ಮಾತು ಆಮೇಲೆ.

ವಿಮೆ ಯಾಕಿರಲಿಲ್ಲ ಅಂತ ತಾನೇ? ನೀನು ಮಗಳ ಮನೆಗೆ ಹೊರಟ ದಿನ, ಚೀಲ ಭುಜಕ್ಕೆ ಹಾಕಿಕೊಂಡು ಬಾಗಿಲಲ್ಲಿ ತಿರುಗಿ "ರೀ, ಈ ತಿಂಗಳ ಹದಿನೇಳಕ್ಕೆ ಕಾರಿನ ವಿಮೆ ಮುಗಿಯುತ್ತೆ, ಕಟ್ಟಿಬಿಡಿ" ಅಂದೆ. ನಾನು "ಆಯ್ತು" ಅಂದೆ. ವಾರ ಬಿಟ್ಟು ಫೋನಿನಲ್ಲಿ ಅದೂ ಇದೂ ಮಾತಾಡಿ ಕೊನೆಗೆ "ವಿಮೆ?" ಅಂತ ಕೇಳಿದೆ. ನಾನು "ಆಯ್ತು ಕಣೇ" ಅಂದೆ. ನೀನು ಕೇಳಿಸಿಕೊಂಡಿದ್ದು ಕಟ್ಟಿ ಆಯ್ತು ಅಂತ. ನಾನು ಹೇಳಿದ್ದು ಆಯ್ತು, ಕಟ್ಟುತ್ತೇನೆ ಅಂತ. ಸುಳ್ಳು ಹೇಳಲಿಲ್ಲ ನೋಡು, ನಿಜವನ್ನೂ ಹೇಳಲಿಲ್ಲ. ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದೆನಲ್ಲ, ಒಂದು ದಿನವೂ ವಿಮೆಯ ಕಾಗದ ಕಣ್ಣಿಗೆ ಬಿದ್ದಿರಲಿಲ್ಲ. ಟೈರು, ಬ್ರೇಕು, ನೀರು, ಎಣ್ಣೆ, ಇವು ಚಾಲಕನ ಪಾಲು. ಕಾಗದ ಡಿಪೋ ಕಚೇರಿಯವರ ಪಾಲು. ಹಾಗಾಗಿ ನಿನ್ನ ಕಾರಿನ ಕಾಗದವನ್ನೂ ಎಲ್ಲೋ ಯಾರೋ ಗುಮಾಸ್ತರು ಬದಲಾಯಿಸುತ್ತಾರೆ ಅಂತ ನನ್ನ ತಲೆಯ ಒಂದು ಮೂಲೆ ನಂಬಿಕೊಂಡು ಕೂತಿತ್ತು. ಆ ಗುಮಾಸ್ತ ನಾನೇ ಅಂತ ಗೊತ್ತಾಗುವ ಹೊತ್ತಿಗೆ ಅವಧಿ ಮುಗಿದು ಹನ್ನೊಂದು ದಿನ ಆಗಿತ್ತು.

ಆ ದಿನ ಬೆಳಗ್ಗೆ ಹತ್ತೂವರೆಗೆ ಶಾಲೆಯ ಮೈದಾನದ ಎದುರಿರುವ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ, ಬಚ್ಚಲಮನೆಯ ನಲ್ಲಿಗೆ ವಾಷರ್ ತರಲು. ವಾಷರ್ ಜೇಬಿಗೆ ಹಾಕಿಕೊಂಡು ಕಾರು ಹತ್ತಿದೆ, ರಿವರ್ಸ್ ಗೇರ್ ಹಾಕಿದೆ, ಕನ್ನಡಿ ನೋಡಿದೆ. ರಸ್ತೆ ಖಾಲಿ ಇದೆಯಾ ಅಂತ ಇನ್ನೊಂದು ಸಲ ತಿರುಗಿ ನೋಡಬೇಕು, ಅಷ್ಟರಲ್ಲಿ ಮೈದಾನದಿಂದ ವಿಶಲ್ ಕೇಳಿಸಿತು. ಪೀ ಪೀ. ಎರಡು ಸಲ. ಇವಳೇ, ನಿನಗೆ ಗೊತ್ತಲ್ಲ, ನನಗೂ ನಮ್ಮ ಕಂಡಕ್ಟರಿಗೂ ಇದ್ದ ಭಾಷೆ ಅದೊಂದೇ. ಒಂದು ವಿಶಲ್ ಅಂದರೆ ನಿಲ್ಲು, ಎರಡು ಅಂದರೆ ಹಿಂದೆ ಏನೂ ಇಲ್ಲ, ಬಾ. ಆ ಮನುಷ್ಯ ಒಂದು ಸಲವೂ ತಪ್ಪು ವಿಶಲ್ ಊದಿದವನಲ್ಲ. ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ, ಸೀದಾ ಕ್ಲಚ್ ಬಿಟ್ಟಿತು. ಊದಿದ್ದು ಆಟದ ಮೇಷ್ಟರು, ಹುಡುಗಿಯರ ಓಟದ ಪಂದ್ಯಕ್ಕೆ! ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದವರು ಕಿಟಕಿಗೆ ಗಾಜು ಹಾಕುವವರು, ಕ್ಯಾರಿಯರಿಗೆ ಆಳೆತ್ತರದ ಗಾಜು ಕಟ್ಟಿಕೊಂಡು. ಆ ಸದ್ದನ್ನು ನಾನು ಬರೆಯಲಾರೆ. ಇಳಿದು ಓಡಿದೆ. ಅವರು ಚರಂಡಿಯ ಅಂಚಿಗೆ ಒರಗಿ ಕೂತಿದ್ದರು, ಬಲಗೈ ಎಡಗೈ ಮೇಲೆ ಇಟ್ಟುಕೊಂಡು. ನನ್ನನ್ನು ನೋಡಿ ಮೊದಲು ಆಡಿದ ಮಾತು "ಹುಷಾರು, ಗಾಜು ತುಳಿಬೇಡಿ, ಚಪ್ಪಲಿ ತೂತಾಗುತ್ತೆ" ಅಂತ. ಗುದ್ದಿದವನ ಚಪ್ಪಲಿಯ ಚಿಂತೆ ಅವರಿಗೆ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅದೇ ಕಾರಿನಲ್ಲಿ ಕೂರಿಸಿಕೊಂಡು ನಿನ್ನ ಹಳೆಯ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಹೊಲಿಗೆ ವಿಭಾಗದವರು ನಿನ್ನನ್ನು ಕೇಳಿದರು, ಯಾಕೆ ಬಂದಿರಿ ಅಂತಲೂ ಕೇಳಿದರು, ನಾನು ಹಲ್ಲು ಕಿರಿದು ಜಾರಿಕೊಂಡೆ. ಪೊಲೀಸಿನವರು ಅಲ್ಲಿಗೇ ಬಂದರು. ನಾನು ಕಾರಿನಿಂದ ಕಾಗದದ ಚೀಲ ತಂದು, ನೋಡಿ ನಮ್ಮಲ್ಲಿ ಎಲ್ಲ ಅಚ್ಚುಕಟ್ಟು ಅನ್ನುವ ಗತ್ತಿನಲ್ಲಿ ಕೊಟ್ಟೆ. ಆತ ಒಂದೊಂದೇ ಮಡಿಕೆ ಬಿಡಿಸಿ, ಕೊನೆಯದರ ಮೇಲೆ ಬೆರಳಿಟ್ಟು "ಇದು ಮುಗಿದುಹೋಗಿದೆಯಲ್ಲ ಯಜಮಾನ್ರೇ" ಅಂದ. ಕಾರನ್ನು ಠಾಣೆಯ ಅಂಗಳಕ್ಕೆ ತೆಗೆದುಕೊಂಡು ಹೋದರು. ನಾನು ಆಟೋ ಹಿಡಿದು ವಿಮೆ ಕಚೇರಿಗೆ ಓಡಿದೆ, ಏದುಸಿರು ಬಿಡುತ್ತಾ ಕೌಂಟರಿನಲ್ಲಿ ಹಣ ಕಟ್ಟಿದೆ. ಅಲ್ಲಿದ್ದ ಹೆಣ್ಣುಮಗಳು ರಸೀದಿಗೆ ಮೊಹರು ಒತ್ತಿ "ಇದು ಈ ಗಳಿಗೆಯಿಂದ ಮುಂದಕ್ಕೆ ಸಾರ್, ಬೆಳಗ್ಗೆ ಆಗಿದ್ದಕ್ಕೆ ಅಲ್ಲ" ಅಂದಳು. ಎಷ್ಟು ಮೆತ್ತಗೆ ಹೇಳಿದಳೋ ಅಷ್ಟು ಚುಚ್ಚಿತು. ಈಗ ನಿನ್ನ ಕಾರಿಗೆ ಒಂದು ವರ್ಷದ ವಿಮೆ ಇದೆ. ಎರಡು ವಾರದ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಕೊಟ್ಟರು, ಮನೆ ಮುಂದೆ ನಿಂತಿದೆ, ನಾನು ಮುಟ್ಟಿಲ್ಲ.

ನಮ್ಮ ವಕೀಲೆ ಯಾರು ಗೊತ್ತಾ? ಕಾಲೇಜಿಗೆ ನನ್ನ ಬಸ್ಸಿನಲ್ಲೇ ಬರುತ್ತಿದ್ದ ಹುಡುಗಿ, ಮುಂದಿನ ಸೀಟಿಗಾಗಿ ದಿನಾ ಜಗಳ ಆಡುತ್ತಿದ್ದವಳು. ಅವಾಗಿನಿಂದಲೇ ಬಾಯಿ ಇತ್ತು, ಈಗ ಅದಕ್ಕೆ ಕರಿ ಕೋಟು ಬಂದಿದೆ. ಅವಳು ಕೂರಿಸಿಕೊಂಡು ಬಿಡಿಸಿ ಹೇಳಿದಳು. ವಿಮೆ ಇದ್ದಿದ್ದರೆ ಕಂಪನಿಯ ವಕೀಲರು ಬಂದು ನನ್ನ ಜಾಗದಲ್ಲಿ ನಿಲ್ಲುತ್ತಿದ್ದರಂತೆ, ಆಸ್ಪತ್ರೆಯ ಖರ್ಚು, ಕೂಲಿ ತಪ್ಪಿದ್ದು, ಮುಂದಿನ ನಷ್ಟ ಎಲ್ಲ ಅವರೇ ಭರಿಸುತ್ತಿದ್ದರಂತೆ. ವಿಮೆ ಇಲ್ಲದಿದ್ದರೆ ಓಡಿಸಿದವರು ಮತ್ತು ಮಾಲೀಕರು, ಇಬ್ಬರ ತಲೆಗೂ ಬರುತ್ತದೆ. ಅಜಾಗರೂಕತೆಗೆ ಒಂದು ಕೇಸು, ವಿಮೆ ಇಲ್ಲದ್ದಕ್ಕೆ ಇನ್ನೊಂದು, ವಿಮೆ ಇಲ್ಲದ ಗಾಡಿಯನ್ನು ಓಡಿಸಲು ಬಿಟ್ಟದ್ದಕ್ಕೆ ಮಾಲೀಕರ ಮೇಲೆ ಮತ್ತೊಂದು. "ಮಾಲೀಕರು ಯಾರು ಅಂಕಲ್?" ಅಂತ ಪೆನ್ನು ಹಿಡಿದು ಕೇಳಿದಳು. "ನಮ್ಮನೆಯವಳು" ಅಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ "ಆಂಟಿಗೆ ಹೇಳಿದ್ದೀರಾ?" ಅಂತ ನನ್ನನ್ನೇ ನೋಡಿದಳು. ಬಾಣಂತಿ ಮನೆಗೆ ಈ ಸುದ್ದಿ ಹೇಗೆ ಕೊಡಲಿ? ದಿನಾ ಫೋನಿನಲ್ಲಿ "ಇಲ್ಲಿ ಎಲ್ಲ ಚೆನ್ನಾಗಿದೆ" ಅಂದೆನಲ್ಲ, ಆ ಒಂದೊಂದು ಮಾತಿಗೂ ನೀನು ನನ್ನನ್ನು ಬೈಯಬಹುದು. ನಾನು ಅದಕ್ಕೆ ತಯಾರಾಗಿದ್ದೇನೆ.

ಈಗ ಗಾಜಿನವರ ವಿಷಯ. ನಾನು ಅವರನ್ನು ಹೀಗೇ ಕರೆಯುವುದು, ಅವರು ನನ್ನನ್ನು ಡ್ರೈವರಣ್ಣ ಅನ್ನುತ್ತಾರೆ. ಮಣಿಕಟ್ಟಿನೊಳಗೆ ಲೋಹದ ಪಟ್ಟಿ ಕೂರಿಸಿದ್ದಾರೆ, ಪ್ಲಾಸ್ಟರ್ ಮೊನ್ನೆ ಬಿಚ್ಚಿದರು. ಗಾಜು ಕತ್ತರಿಸುವವರಿಗೆ ಬಲಗೈ ಇಲ್ಲದಿದ್ದರೆ ಅಂಗಡಿ ಮುಚ್ಚಿದ ಹಾಗೇ. ಅದಕ್ಕೇ ಅವರು ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ನಾನು ಅವರ ಅಂಗಡಿಗೆ ಹೋಗಿ, ನೀವು ಹೇಳಿ, ನಾನು ಮಾಡುತ್ತೇನೆ ಅಂತ ನಿಂತುಕೊಂಡೆ. ಮೊದಲ ದಿನ ಅವರ ಹೆಂಡತಿ ನನ್ನ ಮುಖವನ್ನೂ ನೋಡಲಿಲ್ಲ. ಎರಡನೆಯ ದಿನ ಗ್ಲಾಸ್ ಕಟರನ್ನು ನನ್ನ ಮುಂದೆ ಕುಕ್ಕಿದರು. ಇವಳೇ, ಅದೊಂದು ವಿದ್ಯೆ! ಅಳತೆಪಟ್ಟಿ ಒತ್ತಿ ಹಿಡಿದು ಕಟರನ್ನು ಒಂದೇ ಎಳೆತದಲ್ಲಿ ಎಳೆಯಬೇಕು, ಮಧ್ಯೆ ಉಸಿರು ಬಿಟ್ಟರೂ ಗೆರೆ ಕೆಡುತ್ತದೆ. ಸರಿಯಾಗಿ ಎಳೆದರೆ ಕಿರ್ರ್ ಅಂತ ಒಂದೇ ಸಮನೆ ಹಾಡುತ್ತದೆ, ಆಮೇಲೆ ಮೇಜಿನ ಅಂಚಿಗೆ ಇಟ್ಟು ಮೆಲ್ಲಗೆ ಒತ್ತಿದರೆ ಟಕ್ ಅಂತ ಎರಡು ಹೋಳು. ಮೊದಲ ವಾರ ನಾನು ಒಡೆದದ್ದೇ ಹೆಚ್ಚು. ಗಾಜಿನವರು ಸ್ಟೂಲಿನ ಮೇಲೆ ಕೂತು "ಗೇರ್ ಬದಲಾಯಿಸ್ಬೇಡಿ ಡ್ರೈವರಣ್ಣ, ಒಂದೇ ಗೇರಲ್ಲಿ ಬನ್ನಿ" ಅನ್ನುತ್ತಿದ್ದರು. ಈಗ ಕೈ ಕೂತಿದೆ. ಬ್ಯಾಂಕಿನ ಮಹಡಿಯ ಮೂರು ಕಿಟಕಿಯ ಗಾಜು ನಾನು ಕತ್ತರಿಸಿದ್ದು, ನೀನು ಬಂದ ಮೇಲೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅವರ ಹೆಂಡತಿ ಕೂಡ ಈಗ ಚಹಾ ಕೊಡುವಾಗ ಲೋಟವನ್ನು ಕುಕ್ಕುವುದಿಲ್ಲ.

ಆದರೆ ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಒಂದು ಮಾತು ಹೇಳಿದರು. ಕತ್ತರಿಸುವ ಕೆಲಸಕ್ಕೆ ಕೈ ಬರುತ್ತದೆ, ಆದರೆ ಹಿಡಿತ ಮೊದಲಿನ ಹಾಗಾಗುವುದಿಲ್ಲ, ಸೈಕಲ್ಲಿನ ಮೇಲೆ ಗಾಜು ಹೊತ್ತುಕೊಂಡು ಹೋಗುವುದನ್ನು ಇನ್ನು ಮರೆತುಬಿಡಬೇಕು. ಗಾಜಿನವರು ಹೊರಗೆ ಬಂದು ಬೆಂಚಿನ ಮೇಲೆ ಕೂತು ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದರು. ನನ್ನ ಮೇಲೆ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಗಿರಾಕಿಯ ಮನೆಗೆ ಗಾಜು ಮುಟ್ಟಿಸದಿದ್ದರೆ ಕತ್ತರಿಸಿ ಏನು ಮಾಡುವುದು? ಅವರ ಹೆಂಡತಿ ಮದುವೆಗೆ ಮುಂಚೆ ಹಾಲಿನ ವ್ಯಾನು ಓಡಿಸುತ್ತಿದ್ದವರು, ಲೈಸೆನ್ಸ್ ಇನ್ನೂ ಇದೆ. ಹಾಗಾಗಿ ಒಂದು ದಾರಿ ಹೊಳೆದಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಕೋರ್ಟು ಕೇಳು, ಅದು ಮಜವಾಗಿದೆ.

ಕೋರ್ಟು ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ನಮ್ಮ ಡಿಪೋದ ಕ್ಯಾಂಟೀನಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ ಗದ್ದಲ. ಕಿಟಕಿಯ ಒಂದು ಗಾಜು ಸೀಳಿತ್ತು, ಗಾಜಿನವರೂ ನಾನೂ ಒಟ್ಟಿಗೇ ಅದನ್ನು ನೋಡಿ, ಎಷ್ಟು ಉದ್ದ ಎಷ್ಟು ಅಗಲ ಅಂತ ಮನಸ್ಸಿನಲ್ಲೇ ಅಳೆದೆವು. ಪಕ್ಕದಲ್ಲಿ ಕೂತಿದ್ದ ಮೀಸೆಯವನೂ ಗುದ್ದಿದವನೇ, ಆದರೆ ವಿಮೆ ಇದ್ದವನು. ಅವನ ಪರವಾಗಿ ಕಂಪನಿಯವರು ದಪ್ಪ ಫೈಲು ಹಿಡಿದು ನಿಂತಿದ್ದರು, ಅವನು ಪೇಪರಿನಲ್ಲಿ ಪದಬಂಧ ಬಿಡಿಸುತ್ತಿದ್ದ! ನನಗೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಗುಮಾಸ್ತರು ನಿನ್ನ ಹೆಸರು ಕೂಗಿದರು. ಪೂರ್ತಿ ಹೆಸರು, ಮನೆ ನಂಬರಿನ ಸಮೇತ. ಎರಡನೆಯ ಸಲ ಕೂಗಿದರು. ಮೂರನೆಯ ಸಲ ಕೂಗಿದಾಗ ತಡೆಯಲಾರದೆ ನಾನೇ ಎದ್ದು "ಇದ್ದೇನೆ ಸ್ವಾಮಿ" ಅಂದುಬಿಟ್ಟೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನು, ನನ್ನ ಮೀಸೆಯನ್ನು ನೋಡಿ "ಆ ಹೆಸರು ನಿಮ್ಮದಾ?" ಅಂತ ಕೇಳಿದರು. ಇಡೀ ಕೋಣೆ ನಕ್ಕಿತು. ಹಾಗಲ್ಲ ಸ್ವಾಮಿ, ಅವಳು ಬಾಣಂತನಕ್ಕೆ ಹೋಗಿದ್ದಾಳೆ ಅಂದೆ. ಅವಳು ಅಂದರೆ ಯಾರು, ದಾಖಲೆಗೆ ಹೆಸರು ಹೇಳಿ ಅಂದರು. ಮೂವತ್ತೆಂಟು ವರ್ಷದಲ್ಲಿ ನಿನ್ನನ್ನು ಏನೇ, ಇವಳೇ, ಬಾರೇ ಅಂದಿದ್ದೇನೆಯೇ ಹೊರತು ಹೆಸರು ಹಿಡಿದು ಕರೆದದ್ದುಂಟೇ? ಗಂಟಲು ಸರಿ ಮಾಡಿಕೊಂಡು ಹೇಳಿದೆ. ಎಷ್ಟು ಚೆನ್ನಾಗಿದೆಯಲ್ಲೇ ನಿನ್ನ ಹೆಸರು! ಹೊರಗೆ ಬಂದ ಮೇಲೂ ಇನ್ನೊಂದು ಸಲ ಹೇಳಿಕೊಂಡೆ, ಯಾರೂ ಇಲ್ಲದ ಕಡೆ.

ಆಮೇಲೆ ಸರ್ಕಾರಿ ವಕೀಲರು ಎದ್ದರು. ವಿಮೆ ಇದೆಯೋ ಇಲ್ಲವೋ ನೋಡಿಕೊಳ್ಳದೆ ಗಾಡಿ ಕೊಟ್ಟದ್ದು ಮಾಲೀಕರ ಅಪರಾಧ, ಅವರನ್ನೂ ಬಿಡಬಾರದು ಅಂತ ಮೇಜು ಕುಟ್ಟಿದರು. ನನ್ನ ಮೇಲೆ ಏನು ಬೇಕಾದರೂ ಹೇಳಲಿ, ನಿನ್ನನ್ನು ಅಂದಾಗ ನನ್ನ ತಲೆ ಬಿಸಿಯಾಯಿತು. ವಕೀಲೆ ಅಂಗಿ ಜಗ್ಗಿದ್ದು ಆವಾಗಲೇ. ನಾನು ಹೇಳಿದೆ, ಸ್ವಾಮಿ, ಅವಳು ಎರಡು ಸಲ ಹೇಳಿದಳು, ನಾನು ಎರಡು ಸಲವೂ ಆಯ್ತು ಅಂದೆ. ನ್ಯಾಯಾಧೀಶರು ಪೆನ್ನು ನಿಲ್ಲಿಸಿ "ಆಯ್ತು ಅಂದ್ರೆ? ಕಟ್ಟಿ ಆಗಿದೆ ಅಂತಲಾ, ಕಟ್ತೀನಿ ಅಂತಲಾ?" ಅಂದರು. ನಾನು ಕಟ್ಟುತ್ತೇನೆ ಅಂತ ಹೇಳಿದೆ, ಅವಳು ಕಟ್ಟಿ ಆಗಿದೆ ಅಂತ ತಿಳಿದಳು, ಅವಳ ತಪ್ಪು ನನ್ನನ್ನು ನಂಬಿದ್ದೊಂದೇ ಅಂದೆ. ಟೈಪ್ ಮಾಡುವಾಕೆ ಕೈ ನಿಲ್ಲಿಸಿ ಇದನ್ನು ಹೇಗೆ ಬರೆಯಲಿ ಅಂತ ಮೇಲೆ ನೋಡಿದರು. ನ್ಯಾಯಾಧೀಶರು ಸರ್ಕಾರಿ ವಕೀಲರ ಕಡೆ ತಿರುಗಿ "ನಿಮ್ಮ ಮನೇಲಿ ಹೇಗ್ರೀ?" ಅಂತ ಕೇಳಿದರು ನೋಡು! ಆತ ಫೈಲಿನಲ್ಲಿ ಮುಖ ಇಟ್ಟುಕೊಂಡು "ನಾನೂ ಹಂಗೇ ಅಂತೀನಿ ಸ್ವಾಮಿ" ಅಂದರು. ನಗು ಅಡಗುವ ಹೊತ್ತಿಗೆ ನ್ಯಾಯಾಧೀಶರು ಬರೆಸಿಯಾಗಿತ್ತು. ಮಾಲೀಕರು ವಿಚಾರಿಸಿದ್ದಾರೆ, ಕೊಟ್ಟ ಉತ್ತರವನ್ನು ನಂಬಲು ಅವರಿಗೆ ಕಾರಣ ಇತ್ತು, ಆದ್ದರಿಂದ ಅವರ ಮೇಲಿನ ಅಪರಾಧದ ಕೇಸು ಕೈಬಿಡಲಾಗಿದೆ. ನಿನ್ನನ್ನು ಬಿಡಿಸಿದೆ ಕಣೇ! ಅಲ್ಲೇ ಕುಣಿದುಬಿಡೋಣ ಅನಿಸಿತು. ವಕೀಲೆ ಮಾತ್ರ ಕಿವಿಯಲ್ಲಿ "ಶಿಕ್ಷೆ ಬೇರೆ, ಪರಿಹಾರ ಬೇರೆ ಅಂಕಲ್, ಪರಿಹಾರದ ಹೊಣೆ ಆಂಟಿ ಮೇಲೆ ಹಾಗೇ ಇದೆ" ಅಂದಳು.

ನನ್ನ ಪಾಲು ಈಗ. ಎರಡೂ ತಪ್ಪು ಒಪ್ಪಿಕೊಂಡೆ. ದಂಡ ಹಾಕಿದರು, ಅಲ್ಲೇ ಕಟ್ಟಿದೆ. ಲೈಸೆನ್ಸ್ ಒಂದು ವರ್ಷ ಅಮಾನತು. ಜೇಬಿನಿಂದ ತೆಗೆದು ಕೊಟ್ಟೆ, ಗುಮಾಸ್ತರು ಅದನ್ನು ಯಾವುದೋ ರಸೀದಿಯ ಹಾಗೆ ಫೈಲಿಗೆ ಪಿನ್ನು ಹೊಡೆದರು. ನೋವಾಯಿತು ಇವಳೇ, ನಿನ್ನ ಹತ್ತಿರ ಮುಚ್ಚಿಡುವುದೇನು? ಮೂವತ್ತೊಂದು ವರ್ಷ ಒಂದು ಗೀರು ಬೀಳದ ಹಾಗೆ ಇಟ್ಟುಕೊಂಡಿದ್ದು ಅದು. ಜೈಲಿನ ಮಾತು ಬಂದಾಗ ಗಾಜಿನವರು ತಾವಾಗಿ ಎದ್ದು ನಿಂತು "ಇವರು ಒಳಗೆ ಹೋದರೆ ನಂಗೆ ಏನೂ ಬರಲ್ಲ ಸ್ವಾಮಿ, ಅಂಗಡೀಲಿ ಗಾಜು ಕತ್ತರಿಸೋರೂ ಇರಲ್ಲ" ಅಂದರು. ಅದಕ್ಕೇ ಹತ್ತೊಂಬತ್ತರ ವಾಯಿದೆ ಸಿಕ್ಕಿದ್ದು. ಅಷ್ಟರೊಳಗೆ ರಾಜಿ ಪತ್ರ ತರುತ್ತೀರಾ ಅಂತ ನ್ಯಾಯಾಧೀಶರು ಕೇಳಿದರು. ನನ್ನ ಬಾಯಿಗೆ "ಆಯ್" ಅಂತ ಬಂದೇಬಿಟ್ಟಿತ್ತು, ವಕೀಲೆ ಕಣ್ಣು ಬಿಟ್ಟಳು, "ಹತ್ತೊಂಬತ್ತನೇ ತಾರೀಖು ಬೆಳಗ್ಗೆ ನಾನೇ ತಂದು ಕೊಡುತ್ತೇನೆ" ಅಂತ ಪೂರ್ತಿ ವಾಕ್ಯ ಹೇಳಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಹಿಡಿದೆ. ಹೊಸ ಹುಡುಗಿ, ತಿರುವಿನಲ್ಲಿ ಗೇರ್ ಇಳಿಸುವುದು ಸ್ವಲ್ಪ ತಡ. ನನ್ನ ಎಡಗಾಲು ತಾನಾಗಿ ನೆಲ ಒತ್ತುತ್ತಿತ್ತು, ಗಾಜಿನವರು ನೋಡಿ ನಗುತ್ತಿದ್ದರು. ನಾನೂ ನಕ್ಕೆ.

ಇಲ್ಲಿಗೆ ನಿಲ್ಲಿಸುತ್ತೇನೆ, ಹೊಟ್ಟೆ ತಾಳ ಹಾಕುತ್ತಿದೆ. ಬಾಣಂತಿಗೆ ಇದನ್ನು ನೀನು ಓದಿ ಹೇಳು, ನಗುವ ಕಡೆ ಮಾತ್ರ. ಅವಳಿಗೂ ಅಳಿಯನಿಗೂ ನನ್ನ ಆಶೀರ್ವಾದ, ಕೂಸಿನ ಅಂಗಾಲಿಗೆ ನನ್ನ ಮುತ್ತು. ನೀನು ಎಷ್ಟು ಬೇಕಾದರೂ ಬೈಯಿ, ಆದರೆ ಮೆಟ್ಟಿಲ ಮೇಲೆ ನಿಂತು ಬೈಯಬೇಡ, ಕೂತು ಬೈಯಿ. ನಿನ್ನ ದನಿ ಈ ಮನೆಯಲ್ಲಿ ಇಲ್ಲದೆ ಎರಡು ತಿಂಗಳಾಯಿತು, ಬೈಗುಳವಾದರೂ ಸರಿ ಅನಿಸುತ್ತಿದೆ.

ಎಂದೂ ನಿನ್ನ,
"ರೀ"

ವಿ.ಸೂ.: ಇದನ್ನು ಮರೆತು ಕೊನೆಗೆ ಬರೆಯುತ್ತಿಲ್ಲ, ಬರೆಯಲು ಧೈರ್ಯ ಈಗ ಬಂತು. ಅಂಚೆಯವರು ಐದಕ್ಕೆ ಡಬ್ಬಿ ತೆಗೆಯುತ್ತಾರೆ, ಬೇಗ ಹೇಳಿಬಿಡುತ್ತೇನೆ. ಆ ದಾರಿ ನಿನ್ನ ಕಾರು. ಗಾಜಿನವರೂ ಕೇಳಲಿಲ್ಲ, ಅವರ ಹೆಂಡತಿಯೂ ಕೇಳಲಿಲ್ಲ, ಬಾಯಿಬಿಟ್ಟದ್ದು ನಾನೇ. ಕಾರಿನ ಮೇಲೆ ಗಾಜಿಗೆ ಒಂದು ಚೌಕಟ್ಟು ಕೂರಿಸಿದರೆ ಆಕೆ ಓಡಿಸುತ್ತಾರೆ, ಅಂಗಡಿ ನಡೆಯುತ್ತದೆ. ಕೈಯಲ್ಲಿದ್ದದ್ದು ಆಸ್ಪತ್ರೆಗೂ ದಂಡಕ್ಕೂ ಹೋಯಿತು, ಮನೆ ಬಾಡಿಗೆಯದು, ಕೊಡಲು ನಮ್ಮ ಹತ್ತಿರ ಬೇರೆ ಏನೂ ಇಲ್ಲ. ವರ್ಗಾವಣೆಯ ಫಾರಂ ಲಕೋಟೆಯಲ್ಲೇ ಇದೆ, ನೀನು ಸಹಿ ಮಾಡಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಹದಿನೆಂಟರೊಳಗೆ ನನ್ನ ಕೈ ಸೇರಬೇಕು. ಮಾಲೀಕರು ಬೇಡ ಅಂದರೆ ಯಾರೂ ಬಲವಂತ ಮಾಡುವ ಹಾಗಿಲ್ಲ ಅಂತ ವಕೀಲೆ ಹೇಳಿದ್ದಾಳೆ. ಬೇಡ ಅಂದರೆ ನಾನು ಮೂರು ತಿಂಗಳು ಹೋಗಿ ಬರುತ್ತೇನೆ, ಅವರಿಗೆ ಬೇರೆ ದಾರಿ ಆಮೇಲೆ ಹುಡುಕೋಣ, ನಿನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಒಂದು ವಿಷಯ ಹೇಳಲೇಬೇಕು. ಭಾನುವಾರ ಸೀಟಿನ ಹೊದಿಕೆಗಳನ್ನು ಬಿಚ್ಚಿ ಒಗೆಯಲು ಕೂತೆ. ನೀನು ಹೊಲಿದದ್ದಲ್ಲವೇ, ತಿರುಗಿಸಿದಾಗ ಒಳಮೈಯಲ್ಲಿ ಕೆಂಪು ದಾರದ ಸಣ್ಣ ಅಕ್ಷರ ಕಂಡವು, ಯಾವ ಹೊದಿಕೆ ಯಾವ ಸೀಟಿಗೆ ಅಂತ. ಪಕ್ಕದ ಸೀಟಿನದರಲ್ಲಿ "ಇವರು". ಸ್ಟಿಯರಿಂಗ್ ಮುಂದಿನ ಸೀಟಿನದರಲ್ಲಿ "ನಾನು". ಎರಡು ಪಾಠ ಹೇಳಿಕೊಟ್ಟು, ಕ್ಲಚ್ಚಿಗೆ ಒಂದು ಸಲ ಕೂಗಾಡಿ, ಆಮೇಲೆ ಕೀಲಿಯನ್ನು ನನ್ನ ಜೇಬಿಗೆ ಹಾಕಿಕೊಂಡವನು ನಾನು. ಮೂರು ವರ್ಷ ನಿನ್ನ ಜಾಗದಲ್ಲಿ ಕೂತು ಓಡಾಡಿದೆ, ನೀನು ಒಂದು ಮಾತೂ ಆಡಲಿಲ್ಲ. ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಸಹಿ ಹಾಕು ಅಂತ ಹೇಳುವ ಬಾಯಿ ನನಗಿಲ್ಲ. ಕೇಳುತ್ತಿದ್ದೇನೆ, ಅಷ್ಟೇ.